ಸೇತುವೆ ಬರುವ ತನಕ ಸಂಕ ಬೇಡವೇ?



ನಾನು ಹುಡುಗನಾಗಿದ್ದಾಗ ನಮ್ಮ ಹೆಗಡೆಕಟ್ಟಾ ಕಡೆಯ ಹಳ್ಳಗಳಿಗೆ ಸೇತುವೆಗಳು ಅಪರೂಪ, ಇದ್ದವೆಲ್ಲ ಸಂಕಗಳು. ಪೇಟೆಯಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೆ ಈ ಶಬ್ದ ತಿಳಿದಿರಲಾರದು. ಎರಡೋ ಮೂರೋ ಅಡಿಕೆ ಮರಗಳನ್ನು ಹಳ್ಳದ ಈ ದಡದಿಂದ ಆ ದಡಕ್ಕೆ ಹಾಸಿ, ಬಳ್ಳಿಯಿಂದ ಬಿಗಿದು, ಕೈಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಬಿದಿರಿನ ಗಳ ಕಟ್ಟಿದರೆ ಅದೇ ಸಂಕ. ಮಳೆ ಹಿಡಿಯುವ ಮುನ್ನ ನಾಲ್ಕು ಮನೆಯವರು ಸೇರಿ ಅರ್ಧ ದಿನದಲ್ಲಿ ಅದನ್ನು ಹಾಕಿ ಮುಗಿಸುತ್ತಿದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ಅದು ಕೊಳೆತು ಹೋಗುತ್ತಿತ್ತು, ಇಲ್ಲವೇ ಹಳ್ಳ ಕೊಚ್ಚಿಕೊಂಡು ಹೋಗುತ್ತಿತ್ತು. ಮರುವರ್ಷ ಮತ್ತೆ ಹೊಸದು. ಪಾಟೀಚೀಲವನ್ನು ಬೆನ್ನಿಗೇರಿಸಿ, ಕಂಬಳಿಕೊಪ್ಪೆ ಸೂಡಿ, ಕೆಳಗೆ ಕೆಂಪಗೆ ಹರಿಯುವ ನೀರನ್ನು ನೋಡದೆ ಆ ಸಂಕ ದಾಟಿಯೇ ನಾನು ಅಕ್ಷರ ಕಲಿತದ್ದು.

ಸೇತುವೆ ಬೇಕೆಂದು ಊರಿನ ಹಿರಿಯರು ಸರ್ಕಾರಕ್ಕೆ ಅರ್ಜಿ ಬರೆಯುತ್ತಲೇ ಇದ್ದರು. ಅಪ್ಪಯ್ಯನೂ ಅದಕ್ಕೆ ಸಹಿ ಹಾಕಿದವನೇ. ಆದರೆ ಸೇತುವೆ ಬರುವ ತನಕ ಮಕ್ಕಳು ಶಾಲೆಗೆ ಹೋಗುವುದು ಬೇಡ, ಬಾಣಂತಿಯರು ತವರಿಗೆ ಹೋಗುವುದು ಬೇಡ ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ಅರ್ಜಿಯ ಪಾಡಿಗೆ ಅರ್ಜಿ, ಸಂಕದ ಪಾಡಿಗೆ ಸಂಕ. ಈ ಸರಳ ವಿವೇಕ ಇಂದು ನಮ್ಮ ಪೇಟೆಗಳ ರಸ್ತೆಗಳ ವಿಷಯದಲ್ಲಿ ಎಲ್ಲಿಗೆ ಹೋಯಿತು ಎಂಬುದೇ ಈ ಬರಹದ ಪ್ರಶ್ನೆ. ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ. ಮಾಸ್ತರರಿಗೆ ಸಿಟ್ಟು ಬಂದಿದೆ ಎಂದು ತಿಳಿದುಕೊಳ್ಳಿ, ಅದು ಸುಳ್ಳಲ್ಲ.

ನಿವೃತ್ತಿಯ ನಂತರ ನಾನು ಶಿರಸಿಯ ಅಂಚಿನಲ್ಲಿ ಮನೆ ಮಾಡಿಕೊಂಡಿರುವುದು ನಿಮಗೆ ಗೊತ್ತಿದೆ. ಶಿರಸಿಯಿಂದ ಕುಮಟಾಕ್ಕೆ, ಸಿದ್ದಾಪುರಕ್ಕೆ, ಬನವಾಸಿಗೆ, ಹುಬ್ಬಳ್ಳಿಗೆ, ಯಲ್ಲಾಪುರಕ್ಕೆ ಹೋಗುವ ದಾರಿಗಳಲ್ಲಿ ಒಂದರ ಬದಿಗೆ ನನ್ನ ಮನೆ. ಯಾವ ದಾರಿ ಎಂದು ಬರೆಯುವುದಿಲ್ಲ, ಏಕೆಂದರೆ ಊರಿನ ಅಂಚಿನಲ್ಲಿ ಎಲ್ಲ ದಾರಿಗಳ ಪಾಡೂ ಒಂದೇ. ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿ ಗದ್ದೆ, ಬ್ಯಾಣ, ನಾಲ್ಕಾರು ಮನೆಗಳಿದ್ದವು. ಈಗ ಎರಡೂ ಬದಿಗೆ ಬಡಾವಣೆ, ಶಾಲೆ, ಕಲ್ಯಾಣ ಮಂಟಪ, ಹಾಲಿನ ಡೇರಿ, ಗ್ಯಾರೇಜು, ಬೇಕರಿ. ಊರು ರಸ್ತೆಯ ಎರಡೂ ಕಡೆಗೆ ಬೆಳೆಯಿತು. ರಸ್ತೆ ಮಾತ್ರ ತಾನಿನ್ನೂ ಕಾಡಿನ ನಡುವೆ ಇದ್ದೇನೆಂಬಂತೆ ವರ್ತಿಸುತ್ತಿದೆ. ಘಟ್ಟ ಹತ್ತಿ ಬಂದ ಲಾರಿ, ಬಯಲುಸೀಮೆಯಿಂದ ಬಂದ ಬಸ್ಸು, ಗೋಕರ್ಣಕ್ಕೆ ಧಾವಿಸುವ ಪ್ರವಾಸಿಗಳ ಕಾರು ಎಲ್ಲವೂ ಊರು ಬಂತೆಂಬ ಪರಿವೆಯಿಲ್ಲದೆ ಓಡುತ್ತವೆ. ಡೇರಿ ಒಂದು ಬದಿ, ಮನೆಗಳು ಇನ್ನೊಂದು ಬದಿ. ಶಾಲೆ ಒಂದು ಬದಿ, ಬಸ್ಸು ನಿಲ್ಲುವುದು ಇನ್ನೊಂದು ಬದಿ. ದಾಟದೆ ಬದುಕಿಲ್ಲ; ದಾಟಲು ದಾರಿಯಿಲ್ಲ.

ನನ್ನ ಜೊತೆ ಬಹುಕಾಲ ಕೆಲಸ ಮಾಡಿದ, ನನಗಿಂತ ಆರು ವರ್ಷ ಹಿರಿಯರಾದ ಒಬ್ಬ ಮಾಸ್ತರರು ರಸ್ತೆಯ ಆಚೆ ಬದಿಗೆ ವಾಸವಾಗಿದ್ದಾರೆ. ನಿಮ್ಮಲ್ಲಿ ಅನೇಕರಿಗೆ ಕನ್ನಡ ವ್ಯಾಕರಣ ಕಲಿಸಿದವರು. ಹೆಸರು ಬರೆಯುವುದು ಅವರಿಗೆ ಇಷ್ಟವಿಲ್ಲ. ಪ್ರತಿ ಸಂಜೆ ಐದಕ್ಕೆ ಅವರು ದಾಟಿ ನಮ್ಮ ಮನೆಗೆ ಬರುತ್ತಿದ್ದರು. ಒಂದು ಲೋಟ ಚಹ, ಒಂದು ಗಂಟೆ ಹರಟೆ. ಹಿಂದಿನ ಆಷಾಢದ ಒಂದು ಸಂಜೆ, ನಿಂತ ಬಸ್ಸಿನ ಮುಂದಿನಿಂದ ದಾಟಲು ಹೋದಾಗ, ಬಸ್ಸನ್ನು ಹಿಂದೆ ಹಾಕಿ ಬಂದ ಬೈಕು ಅವರಿಗೆ ಬಡಿಯಿತು. ಸೊಂಟದ ಮೂಳೆ ಮುರಿಯಿತು. ಬೈಕಿನ ಹುಡುಗ ಓಡಿಹೋಗಲಿಲ್ಲ. ಅಳುತ್ತಾ ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿದವನೂ ಅವನೇ. ಕೊಡೆ ಹಿಡಿದು ಬಸ್ಸಿನ ಮರೆಯಿಂದ ಹೊರಬಂದ ಮುದುಕರು ಅವನಿಗೆ ಕಾಣುವಂತೆಯೇ ಇರಲಿಲ್ಲ. ಈಗ ಮಾಸ್ತರರು ಊರುಗೋಲು ಹಿಡಿದು ಅಂಗಳದ ತನಕ ಬರುತ್ತಾರೆ. ಅದರಾಚೆ ಬರುವುದಿಲ್ಲ.

ಆ ಘಟನೆಯಾದ ಮೇಲೆ ನಾನು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಮುಖ್ಯವಲ್ಲ. ಅಲ್ಲಿ ಸಿಕ್ಕ ಉತ್ತರ ಈ ದೇಶದ ಯಾವ ಕಚೇರಿಯಲ್ಲಾದರೂ ಸಿಕ್ಕುವಂಥದು. ಅಧಿಕಾರಿ ಸಜ್ಜನ. ಕುರ್ಚಿ ಕೊಟ್ಟು ಕೂರಿಸಿ, ಚಹ ತರಿಸಿ, ಬಹಳ ವಿನಯದಿಂದ ಹೇಳಿದ: "ಸರ್, ಆ ರಸ್ತೆಯ ಅಗಲೀಕರಣದ ಪ್ರಸ್ತಾವನೆ ಮೇಲೆ ಹೋಗಿದೆ. ಮಂಜೂರಾಗಿ ಬಂದರೆ ಎಲ್ಲ ಒಮ್ಮೆಲೇ ಸರಿಯಾಗುತ್ತದೆ. ಈಗ ಬಣ್ಣ ಬಳಿದರೆ, ಹಂಪ್ ಹಾಕಿದರೆ ನಾಳೆ ಅದನ್ನು ಅಗೆಯಬೇಕಾಗುತ್ತದೆ. ಸುಮ್ಮನೆ ದುಡ್ಡು ದಂಡ." ಯಾವಾಗ ಮಂಜೂರಾಗುತ್ತದೆ ಎಂದು ಕೇಳಿದೆ. ಅದು ತನ್ನ ಕೈಯಲ್ಲಿಲ್ಲ ಎಂದ. ಅಲ್ಲಿಯ ತನಕ ನಾವು ದಾಟುವುದು ಹೇಗೆ ಎಂದು ಕೇಳಿದೆ. "ಸ್ವಲ್ಪ ನೋಡಿಕೊಂಡು ದಾಟಬೇಕು ಸರ್" ಎಂದ. ಮೂವತ್ತಕ್ಕೂ ಮಿಕ್ಕಿ ವರ್ಷ ಮಕ್ಕಳಿಗೆ ನಾನು ಹೇಳಿದ್ದ ಮಾತನ್ನೇ ಅವನು ನನಗೆ ಮರಳಿಸಿದ.

ನೋಡಿಕೊಂಡು ದಾಟುವುದೆಂದರೆ ಏನು? ಗಣಿತದ ಮಾಸ್ತರನಾಗಿ ಅದರ ಲೆಕ್ಕವನ್ನು ಮಾಡಿಯೇ ತೋರಿಸುತ್ತೇನೆ. ಎಂಟನೆಯ ತರಗತಿಯ ಲೆಕ್ಕ; ಪೆನ್ಸಿಲ್ ತೆಗೆದುಕೊಳ್ಳಿ.

ರಸ್ತೆಯ ಅಗಲ 14 ಮೀಟರ್ ಎಂದು ಹಿಡಿಯಿರಿ. ಮೊಣಕಾಲು ನೋವಿನ ಹಿರಿಯರೊಬ್ಬರು ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾರೆಂದು ಹಿಡಿಯಿರಿ. ದಾಟಲು ಬೇಕಾದ ಸಮಯ 17.5 ಸೆಕೆಂಡು. ಗಂಟೆಗೆ 50 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 13.9 ಮೀಟರ್ ಚಲಿಸುತ್ತದೆ. ಅಂದರೆ ಆ 17.5 ಸೆಕೆಂಡಿನಲ್ಲಿ ಅದು 243 ಮೀಟರ್ ಬಂದಿರುತ್ತದೆ. ಹೀಗಾಗಿ ನಮ್ಮ ಹಿರಿಯರು ಸುರಕ್ಷಿತವಾಗಿ ದಾಟಬೇಕಾದರೆ ಎಡಕ್ಕೆ ಸುಮಾರು ಕಾಲು ಕಿಲೋಮೀಟರ್, ಬಲಕ್ಕೆ ಸುಮಾರು ಕಾಲು ಕಿಲೋಮೀಟರ್, ಎರಡೂ ಕಡೆ ಏಕಕಾಲಕ್ಕೆ ರಸ್ತೆ ಖಾಲಿ ಇರಬೇಕು. ನಮ್ಮ ಮಲೆನಾಡಿನ ತಿರುವುಗಳಲ್ಲಿ ಅಷ್ಟು ದೂರ ಕಣ್ಣಿಗೆ ಕಾಣುವುದೇ ಇಲ್ಲ; ಕಂಡರೂ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಂಥ ತೆರಪು ಸಿಗುವುದಿಲ್ಲ.

ಈಗ ರಸ್ತೆಯ ನಡುವೆ, ಇಬ್ಬರು ನಿಲ್ಲುವಷ್ಟು ಜಾಗಕ್ಕೆ, ಮುಂದೆ ಹಿಂದೆ ಮರಳು ತುಂಬಿದ ಡ್ರಮ್ಮುಗಳನ್ನಿಟ್ಟು ಒಂದು ತಂಗುದಾಣ ಮಾಡಿ. ದಾಟುವವರು ಒಮ್ಮೆಗೆ 7 ಮೀಟರನ್ನಷ್ಟೇ ದಾಟಿದರೆ ಸಾಕು. ಸಮಯ ಸುಮಾರು 8.75 ಸೆಕೆಂಡು, ಬೇಕಾದ ತೆರಪು ಸುಮಾರು 121 ಮೀಟರ್, ಅದೂ ಒಂದೇ ಕಡೆಗೆ ನೋಡಿದರೆ ಸಾಕು. ಅದರ ಜೊತೆಗೆ ಆ ಜಾಗದಲ್ಲಿ ವಾಹನಗಳ ವೇಗವನ್ನು 30 ಕಿ.ಮೀ.ಗೆ ಇಳಿಸಿ. ಬೇಕಾದ ತೆರಪು 73 ಮೀಟರಿಗೆ ಇಳಿಯುತ್ತದೆ. ಎರಡೂ ಕಡೆಯ 243 ಮೀಟರ್ ಎಲ್ಲಿ, ಒಂದು ಕಡೆಯ 73 ಮೀಟರ್ ಎಲ್ಲಿ! ಇದಕ್ಕೆ ಒಂದಿಂಚು ಭೂಸ್ವಾಧೀನ ಬೇಡ, ಒಂದು ಮರ ಕಡಿಯುವುದು ಬೇಡ.

ಇನ್ನು ಬ್ರೇಕಿನ ಲೆಕ್ಕ. ಚಾಲಕನಿಗೆ ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಬೇಕೆನ್ನಿ. ಒದ್ದೆ ರಸ್ತೆಯಲ್ಲಿ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 4 ಮೀಟರ್‌ನಂತೆ ಕುಗ್ಗುತ್ತದೆನ್ನಿ. 30 ಕಿ.ಮೀ. ವೇಗದ ವಾಹನ ಸುಮಾರು 17 ಮೀಟರಿನಲ್ಲಿ ನಿಲ್ಲುತ್ತದೆ. 50ರ ವೇಗದ್ದು 38 ಮೀಟರಿನಲ್ಲಿ. 60ರದ್ದು 51 ಮೀಟರಿನಲ್ಲಿ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ ಎಂಬ ಪಾಠವನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೀರಿ. ಮಾಸ್ತರರ ಸೊಂಟದ ಮೂಳೆಗೆ ಅದು ಬಾಯಿಪಾಠವಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನವು, ನಡೆಯುವವರೂ ವಾಹನಗಳೂ ಕೂಡಿ ಬಳಸುವ ಜಾಗಗಳಲ್ಲಿ ಗರಿಷ್ಠ ವೇಗ ಗಂಟೆಗೆ 30 ಕಿ.ಮೀ. ಇರಬೇಕೆಂದು ಸಾರಿದ್ದು ಈ ಲೆಕ್ಕದ ಆಧಾರದ ಮೇಲೆಯೇ.

ಅಗಲೀಕರಣದಿಂದ ಎಲ್ಲ ಸರಿಯಾಗುತ್ತದೆ ಎನ್ನುವವರಿಗೆ ಇದೇ ಲೆಕ್ಕ ಉತ್ತರ. ನಡುವೆ ತಂಗುದಾಣವಿಲ್ಲದೆ 7 ಮೀಟರಿನ ರಸ್ತೆಯನ್ನು 14 ಮೀಟರ್ ಮಾಡಿದರೆ ವಾಹನಕ್ಕೆ ದಾರಿ ಇಮ್ಮಡಿಯಾಯಿತು. ದಾಟುವವನಿಗೆ ಅಪಾಯದ ಹೊತ್ತೂ ಇಮ್ಮಡಿಯಾಯಿತು. ರಸ್ತೆ ಅಗಲವಾದಷ್ಟೂ ವೇಗವೂ ಏರುತ್ತದೆ. ನಾನು ಅಗಲೀಕರಣದ ವಿರೋಧಿಯಲ್ಲ. ಕುಮಟಾದಿಂದ ರೋಗಿಯನ್ನು ಹೊತ್ತು ದೇವಿಮನೆ ಘಟ್ಟ ಹತ್ತುವ ಆಂಬುಲೆನ್ಸಿಗೆ ಒಳ್ಳೆಯ ರಸ್ತೆ ಬೇಕು. ಆದರೆ ವಾಹನದ ಕಾಯಿಲೆಗೆ ಕೊಡುವ ಮದ್ದನ್ನೇ ನಡೆಯುವವನ ಕಾಯಿಲೆಗೂ ಮದ್ದೆಂದು ಹೇಳಿ ಕಾಯಿಸುವುದನ್ನು ಮಾತ್ರ ಒಪ್ಪಲಾರೆ.

ಮೇಲ್ಸೇತುವೆ ಕಟ್ಟೋಣ ಎನ್ನುವವರೂ ಇದ್ದಾರೆ. ಬೆಂಗಳೂರಿನಲ್ಲಿ ಸ್ಕೈವಾಕ್ ಎಂಬ ಹೆಸರಿನಲ್ಲಿ ನೀವು ನೋಡಿದ್ದೀರಿ. ಲಾರಿಗಳು ಕೆಳಗೆ ಹೋಗಲು 5.5 ಮೀಟರ್ ಎತ್ತರ ಬಿಡಬೇಕು. ಸೇತುವೆಯ ದಪ್ಪ ಸೇರಿಸಿ 6 ಮೀಟರ್ ಎನ್ನಿ. ಮೆಟ್ಟಿಲೊಂದಕ್ಕೆ 15 ಸೆಂ.ಮೀ. ಆದರೆ 40 ಮೆಟ್ಟಿಲು ಹತ್ತಬೇಕು, 40 ಮೆಟ್ಟಿಲು ಇಳಿಯಬೇಕು. ಅರ್ಧ ಲೀಟರ್ ಹಾಲು ತರಲು ಹೊರಟ ಅಜ್ಜಿ ಹೋಗಿ ಬರುವಾಗ 80 ಹತ್ತಿ 80 ಇಳಿಯಬೇಕು! ಲಿಫ್ಟ್ ಇಡುತ್ತೇವೆ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟಿನ ಕತೆ ನಿಮಗೆ ಹೇಳಬೇಕಾಗಿಲ್ಲ. ಯಂತ್ರದಲ್ಲಿ ಕುಳಿತವನು ಕಾಲನ್ನು ಒಂದಿಷ್ಟು ಒತ್ತಿ ವೇಗ ತಗ್ಗಿಸುವ ಬದಲು, ನಡೆಯುವವನು ಎರಡು ಮಾಳಿಗೆ ಹತ್ತಲಿ ಎಂಬುದು ಯಾವ ಊರಿನ ನ್ಯಾಯ?

ಇದೆಲ್ಲ ಹೇಳಲು ಚೆಂದ, ಭಾರತದಲ್ಲಿ ಸಾಧ್ಯವಿಲ್ಲ ಎನ್ನುವಿರಾದರೆ, ದೂರ ಹೋಗುವುದು ಬೇಡ. ನಮ್ಮ ಮಾರಿಕಾಂಬಾ ಜಾತ್ರೆಯನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ದೇವಿ ರಥವೇರಿ ಬಂದು ಬಿಡಕಿಬಯಲಿನ ಗದ್ದುಗೆಯಲ್ಲಿ ಕುಳಿತಾಗ ಶಿರಸಿ ಬೇರೆಯೇ ಊರಾಗುತ್ತದೆ. ಲಕ್ಷಾಂತರ ಜನ ಬರುತ್ತಾರೆ. ಪೇಟೆಯ ದಾರಿಗಳಿಗೆ ಅಡ್ಡಗಟ್ಟೆ ಬೀಳುತ್ತದೆ, ಬಸ್ಸುಗಳ ಮಾರ್ಗ ಬದಲಾಗುತ್ತದೆ, ವಾಹನ ನಿಲ್ಲಿಸಲು ಊರಿನ ಅಂಚಿನಲ್ಲಿ ಜಾಗ ಗೊತ್ತುಮಾಡುತ್ತಾರೆ. ಬಿದಿರು, ಅಡಿಕೆ ದಬ್ಬೆ, ಹಗ್ಗ, ಬ್ಯಾರಿಕೇಡು, ಸುಣ್ಣದ ಪುಡಿ, ಸೀಟಿ ಹಿಡಿದ ಪೊಲೀಸರು, ಸ್ವಯಂಸೇವಕ ಹುಡುಗರು. ಇಷ್ಟರಿಂದಲೇ ಇಡೀ ಪೇಟೆ ನಡೆಯುವವರದಾಗುತ್ತದೆ. 2024ರ ಮಾರ್ಚ್ ತಿಂಗಳ ಜಾತ್ರೆಯಲ್ಲಿ ನಾನು ಮೊಮ್ಮಗಳ ಕೈ ಹಿಡಿದು, ಸದಾ ಜೀವ ಅಂಗೈಯಲ್ಲಿ ಹಿಡಿದು ದಾಟುವ ದಾರಿಯ ನಡುವೆ ಬತ್ತಾಸು ತಿನ್ನುತ್ತಾ ನಡೆದೆ.

ಆಗ ಯಾರೂ ಅಗಲೀಕರಣ ಆಗಲಿ, ಆಮೇಲೆ ಜಾತ್ರೆ ಮಾಡೋಣ ಎನ್ನಲಿಲ್ಲ. ಬಣ್ಣ ಬಳಿದರೆ ದುಡ್ಡು ದಂಡ ಎನ್ನಲಿಲ್ಲ. ಜಾತ್ರೆಗೆ ತಿಂಗಳುಗಳ ಮೊದಲೇ ಸಭೆ ಕೂಡುತ್ತದೆ, ಹೊಣೆ ಹಂಚುತ್ತಾರೆ, ನಕ್ಷೆ ಬರೆಯುತ್ತಾರೆ. ಅಂದರೆ ಈ ಊರಿಗೆ ಬುದ್ಧಿಯೂ ಇದೆ, ಕೈಯೂ ಇದೆ, ಸಾಮಾನೂ ಇದೆ. ಒಂಬತ್ತು ದಿನ ಆಗುವುದು ಉಳಿದ ದಿನಗಳಲ್ಲಿ, ಇಡೀ ಊರಿಗಲ್ಲದಿದ್ದರೂ ಒಂದು ಶಾಲೆಯ ಮುಂದಿನ ನೂರು ಮೀಟರಿಗೆ, ಏಕಾಗದು? ದೇವಿಯ ಭಕ್ತರಿಗೆ ಸಿಗುವ ಮರ್ಯಾದೆ ಶಾಲೆಯ ಮಕ್ಕಳಿಗೆ ಏಕಿಲ್ಲ?

ಹಾಗಾದರೆ ಏನು ಮಾಡಬೇಕು? ಬೈದು ಸುಮ್ಮನಾಗುವುದು ಮಾಸ್ತರನ ಲಕ್ಷಣವಲ್ಲ. ಒಂದು ತಿಂಗಳಲ್ಲಿ ಮಾಡಬಹುದಾದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು, ಎಣಿಕೆ. ಜನ ಎಲ್ಲಿ ದಾಟಬೇಕೆಂದು ಕಚೇರಿಯಲ್ಲಿ ಕುಳಿತು ತೀರ್ಮಾನಿಸಬಾರದು. ಎಲ್ಲಿ ದಾಟುತ್ತಿದ್ದಾರೆಂದು ರಸ್ತೆಯ ಬದಿಗೆ ಕುಳಿತು ನೋಡಬೇಕು. ನಾನು ಮತ್ತು ಪಕ್ಕದ ಮನೆಯ ಇಬ್ಬರು ಕಾಲೇಜು ಹುಡುಗರು ಬೇಕರಿಯ ಬೆಂಚಿನ ಮೇಲೆ ಕುಳಿತು ಒಂದು ದಿನ ಇದನ್ನು ಮಾಡಿದೆವು. ಮಾಸಿಹೋದ ಝೀಬ್ರಾ ಪಟ್ಟೆಯ ಮೇಲೆ ದಾಟಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಅಲ್ಲಿಂದ ನಲವತ್ತು ಹೆಜ್ಜೆ ಆಚೆ, ಡೇರಿಯ ಎದುರು ದಾಟಿದರು. ತಪ್ಪು ಅವರದಲ್ಲ. ಪಟ್ಟೆ ಬಳಿದ ಜಾಗದಿಂದ ಹೊರಟರೆ ಆಚೆ ಬದಿಗೆ ಸಿಗುವುದು ತೆರೆದ ಗಟಾರ!

ಎರಡನೆಯದು, ಸುಣ್ಣದ ಗೆರೆ. ಹೊಸ ಪಟ್ಟೆ, ನಡುವಿನ ತಂಗುದಾಣ, ವಾಹನದ ಪಥ ಎಲ್ಲವನ್ನೂ ಮೊದಲು ಸುಣ್ಣದ ಪುಡಿಯಲ್ಲಿ ಬರೆದು, ಡ್ರಮ್ಮು ಹಗ್ಗಗಳಿಂದ ಗುರುತಿಸಿ, ಒಂದು ವಾರ ಬಿಟ್ಟು ನೋಡಬೇಕು. ಲಾರಿ ತಿರುಗುತ್ತದೆಯೇ, ಬಸ್ಸಿಗೆ ತೊಡಕಾಗುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ತೊಡಕಾದರೆ ಡ್ರಮ್ಮನ್ನು ಎರಡಡಿ ಸರಿಸಿದರಾಯಿತು. ಕಾಂಕ್ರೀಟಿನ ತಪ್ಪನ್ನು ತಿದ್ದಲು ವರ್ಷ ಬೇಕು. ಸುಣ್ಣದ ತಪ್ಪನ್ನು ತಿದ್ದಲು ಕಸಬರಿಗೆ ಸಾಕು.

ಮೂರನೆಯದು, ಬಸ್ಸು ನಿಲ್ಲುವ ಜಾಗ. ದಾಟುವ ಪಟ್ಟೆಗಿಂತ ಮೊದಲೇ ಬಸ್ಸು ನಿಂತರೆ, ದಾಟುವವರು ಬಸ್ಸಿನ ಮುಂದಿನಿಂದ, ಅಂದರೆ ಹಿಂದಿನ ವಾಹನಗಳಿಗೆ ಕಾಣದಂತೆ ಬರುತ್ತಾರೆ. ಬಸ್ಸು ಪಟ್ಟೆಯನ್ನು ದಾಟಿ ಮುಂದೆ ನಿಂತರೆ ಅವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ. ಬರುವ ವಾಹನಕ್ಕೆ ಅವರೂ, ಅವರಿಗೆ ವಾಹನವೂ ಕಾಣುತ್ತದೆ. ಬಸ್ಸು ಮೂವತ್ತು ಮೀಟರ್ ಮುಂದೆ ನಿಲ್ಲುವಂತಿದ್ದರೆ ನಮ್ಮ ಮಾಸ್ತರರು ಇಂದೂ ಸಂಜೆಯ ಚಹಕ್ಕೆ ಬರುತ್ತಿದ್ದರೋ ಏನೋ. ಫಲಕವನ್ನು ಕಿತ್ತು ಮುಂದೆ ನೆಡಲು ಅರ್ಧ ದಿನದ ಕೆಲಸ.

ನಾಲ್ಕನೆಯದು, ವೇಗ ಮತ್ತು ಬೆಳಕು. ಪಟ್ಟೆಯನ್ನೇ ಸ್ವಲ್ಪ ಎತ್ತರಿಸಿ, ಎರಡೂ ಕಡೆ ಇಳಿಜಾರು ಕೊಟ್ಟು ಹಂಪ್ ಮಾಡಬೇಕು. ಮುಂಚಿತವಾಗಿ ಫಲಕ, ಮೇಲೆ ಹೊಳೆಯುವ ಬಣ್ಣ ಕಡ್ಡಾಯ. ಗುರುತಿಲ್ಲದ ಹಂಪ್ ಬೈಕಿನವನ ಪ್ರಾಣ ತೆಗೆಯುತ್ತದೆ. ಪಟ್ಟೆಯ ಎರಡೂ ಪಕ್ಕ ಹತ್ತಾರು ಮೀಟರ್ ದೂರ ಯಾವ ವಾಹನವೂ ನಿಲ್ಲದಂತೆ ಕಲ್ಲುಕಂಬ ನೆಡಬೇಕು. ಮೇಲೊಂದು ದೀಪ ಬೇಕು. ನಾಲ್ಕು ತಿಂಗಳ ಮಳೆಯಲ್ಲಿ ಮಧ್ಯಾಹ್ನವೇ ಕತ್ತಲಾಗುವ ಊರು ನಮ್ಮದು.

ಐದನೆಯದು, ಗಟಾರಕ್ಕೆ ಹಾಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಕೈಪಿಡಿಯ ಪ್ರಕಾರ ಕಾಲುದಾರಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಅದರ ಅಂಚು 150 ಮಿ.ಮೀ.ಗಿಂತ ಎತ್ತರವಿರಬಾರದು. ಅಷ್ಟು ಕೂಡಲೇ ಆಗದಿದ್ದರೆ, ಒಡೆದ ಚಪ್ಪಡಿಗಳನ್ನಾದರೂ ಬದಲಿಸಿ, ಮಳೆನೀರಿನಲ್ಲಿ ಕಾಲಿಟ್ಟರೆ ಗಟಾರಕ್ಕೆ ಬೀಳುವುದಿಲ್ಲ ಎಂಬ ಭರವಸೆ ಕೊಡಿ. ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಎಣಿಸಿ, ಫಲ ಕೊಟ್ಟದ್ದನ್ನು ಗಟ್ಟಿಮಾಡಿ, ಕೊಡದ್ದನ್ನು ತೆಗೆಯಿರಿ. ಅಗಲೀಕರಣದ ನಕ್ಷೆ ಮುಂದೆ ಬಂದಾಗ ಈ ಅನುಭವವೇ ಅದಕ್ಕೆ ಆಧಾರವಾಗುತ್ತದೆ. ಹಾಗಿರುವಾಗ ಈ ದುಡ್ಡು ದಂಡ ಹೇಗಾಗುತ್ತದೆ?

ನಮ್ಮ ಜನರಿಗೆ ಶಿಸ್ತಿಲ್ಲ, ಏನು ಮಾಡಿದರೂ ಅಷ್ಟೇ ಎಂಬ ಮಾತನ್ನು ವಿದ್ಯಾವಂತರ ಬಾಯಿಂದಲೇ ಹೆಚ್ಚು ಕೇಳುತ್ತೇನೆ. ಒಂದು ಹಳೆಯ ಸಂಗತಿ ಹೇಳುತ್ತೇನೆ. ಒಮ್ಮೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಕೊಟ್ಟ ಒಂದು ರೇಖಾಗಣಿತದ ಪ್ರಶ್ನೆಯನ್ನು ಇಡೀ ತರಗತಿ ತಪ್ಪು ಮಾಡಿತು. ಸಿಟ್ಟಿನಿಂದ ಎಲ್ಲರನ್ನೂ ನಿಲ್ಲಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಮೆಲ್ಲಗೆ, "ಸರ್, ಚಿತ್ರದಲ್ಲಿ ಕೋನ ತಪ್ಪಾಗಿ ಗುರುತಾಗಿದೆ" ಎಂದ. ನೋಡಿದೆ; ಹೌದು. ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಒಬ್ಬ ತಪ್ಪಿದರೆ ಅವನನ್ನು ಕೇಳು, ಎಲ್ಲರೂ ತಪ್ಪಿದರೆ ಪ್ರಶ್ನೆಪತ್ರಿಕೆಯನ್ನು ನೋಡು. ಡೇರಿಯ ಎದುರು ಊರಿಗೆ ಊರೇ ದಾಟುತ್ತಿದ್ದರೆ ತಪ್ಪಿರುವುದು ರಸ್ತೆಯ ಚಿತ್ರದಲ್ಲಿ.

ಇದು ನಮ್ಮೂರೊಂದರ ಸಂಕಟವೂ ಅಲ್ಲ. ಕೇಂದ್ರ ಸರ್ಕಾರದ ಅಂಕಿಅಂಶಗಳಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ಪಾದಚಾರಿಗಳು. 2023ರಲ್ಲಿ ಸತ್ತವರು 1,72,890, ಪಾದಚಾರಿಗಳು 35,221. ಭಾಗಿಸಿ ನೋಡಿ, ದಿನಕ್ಕೆ 96 ಮಂದಿ. ಅವರೆಲ್ಲರೂ ನೋಡಿಕೊಳ್ಳದೆ ದಾಟಿದವರೇ? ಕೊಯಮತ್ತೂರಿನ ಮೂಳೆ ವೈದ್ಯ ಡಾ. ಎಸ್. ರಾಜಶೇಖರನ್ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಸರಣಿಯಲ್ಲಿ, 2025ರ ಮೇ ತಿಂಗಳಲ್ಲಿ ನ್ಯಾಯಾಲಯವು ಅಡೆತಡೆಯಿಲ್ಲದ ಕಾಲುದಾರಿಯು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲೇ ಅಡಕವಾಗಿದೆ ಎಂದಿತು. ಅದೇ ವರ್ಷದ ಅಕ್ಟೋಬರ್ 7ರಂದು, ಪಾದಚಾರಿಗಳ ಸುರಕ್ಷತೆಗೆ ಆರು ತಿಂಗಳೊಳಗೆ ನಿಯಮ ರೂಪಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮು ಇನ್ನೂ ಮುಂದೆ ಹೋಗುತ್ತದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಯಾದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ನೋಡಿಕೊಂಡು ದಾಟಬೇಕು ಎನ್ನುವ ಮೊದಲು, ನೋಡಿಕೊಂಡು ಕಟ್ಟಬೇಕು ಎಂದು ಕಾನೂನೇ ಹೇಳುತ್ತಿದೆ.

ಬೇರೆ ಊರುಗಳು ಸುಮ್ಮನೆ ಕುಳಿತಿಲ್ಲ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 2009ರಲ್ಲಿ ಬ್ರಾಡ್‌ವೇ ರಸ್ತೆಯ ಒಂದು ಭಾಗಕ್ಕೆ ವಾಹನ ನಿಲ್ಲಿಸಿದಾಗ ಅವರು ಬಳಸಿದ್ದು ಡ್ರಮ್ಮು, ಬಣ್ಣ ಮತ್ತು ಅಗ್ಗದ ಮಡಚುವ ಕುರ್ಚಿಗಳನ್ನು. ಫಲ ಕಂಡ ಮೇಲೆ ಅದನ್ನು ಕಾಯಂ ಮಾಡಿ ಕಲ್ಲು ಹಾಸಿದರು. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ನಡೆಯುವವರಿಗೇ ಬಿಟ್ಟುಕೊಟ್ಟರು. ಅದಕ್ಕೂ ಮೊದಲು, 2019ರ ಕೊನೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೋಗುವ ಹೊರವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಬಸ್ಸಿಗೊಂದು ಪ್ರತ್ಯೇಕ ಪಥ ಮಾಡಿದ್ದರು. ಆಗ ಅಲ್ಲಿಯೇ ಕೆಲಸಕ್ಕೆ ಹೋಗುತ್ತಿದ್ದ ನನ್ನ ಮಗ, ಕಾರಿಗಿಂತ ಬಸ್ಸೇ ಬೇಗ ಹೋಗುತ್ತದೆ ಅಪ್ಪಯ್ಯ ಎಂದು ಫೋನಿನಲ್ಲಿ ಆಶ್ಚರ್ಯಪಟ್ಟಿದ್ದ. ಆಮೇಲೆ ಕೋವಿಡ್ ಬಂತು, ಮೆಟ್ರೋ ಕಾಮಗಾರಿ ಬಂತು, ಆ ಪಥ ಇಲ್ಲವಾಯಿತು. ಇದರಿಂದ ಕಲಿಯಬೇಕಾದ ಪಾಠವೂ ಒಂದಿದೆ. ಸಂಕವನ್ನು ಹಾಕಿದರೆ ಸಾಲದು, ವರ್ಷ ವರ್ಷವೂ ಅದನ್ನು ನೋಡಿಕೊಳ್ಳುವ ನಾಲ್ಕು ಮನೆಯವರು ಬೇಕು.

ಆ ನಾಲ್ಕು ಮನೆಯವರು ಯಾರು? ಇಲ್ಲಿಯವರೆಗೆ ಕಚೇರಿಯವರನ್ನು ಬೈದೆ. ಈಗ ನಿಮ್ಮನ್ನೂ ನನ್ನನ್ನೂ ಬೈಯಬೇಕು. ಒಮ್ಮೆ ನಮ್ಮದೇ ಬಂಧುಗಳ ಮದುವೆ ಇದೇ ರಸ್ತೆಯ ಕಲ್ಯಾಣ ಮಂಟಪದಲ್ಲಿ ನಡೆಯಿತು. ರಸ್ತೆಯ ಎರಡೂ ಬದಿಗೆ ಕಾರುಗಳ ಸಾಲು. ಶಾಲೆ ಬಿಟ್ಟ ಮಕ್ಕಳು ಕಾರುಗಳನ್ನು ಸುತ್ತಿ, ಡಾಂಬರಿನ ನಡುವೆ ನಡೆದು ಮನೆಗೆ ಹೋದರು. ಆ ಸಾಲಿನಲ್ಲಿ ನನ್ನ ಮಗನ ಕಾರೂ ಇತ್ತು, ನನ್ನ ಅತ್ಯಂತ ಬುದ್ಧಿವಂತ ಶಿಷ್ಯರಲ್ಲಿ ಇಬ್ಬರ ಕಾರೂ ಇತ್ತು. ನಾನೂ ಒಳಗೆ ಕುಳಿತು ಹೋಳಿಗೆ ತಿಂದೆ. ಎದ್ದು ಬಂದು ಒಂದು ಮಾತು ಹೇಳಲಿಲ್ಲ. ಹಳ್ಳಿಯಲ್ಲಿ ಸಂಕ ಹಾಕುತ್ತಿದ್ದವರ ಮಕ್ಕಳು ನಾವು, ಇನ್ನೊಬ್ಬರ ಸಂಕದ ಮೇಲೆ ಕಾರು ನಿಲ್ಲಿಸಿ ಉಣ್ಣಲು ಕುಳಿತೆವು. ಅಂದು ಸುಮ್ಮನಿದ್ದುದಕ್ಕೆ ಈಗ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಗುತ್ತಿಗೆದಾರರಿದ್ದೀರಿ, ಬಸ್ಸು ನಡೆಸುವವರಿದ್ದೀರಿ, ಪೊಲೀಸ್ ಇಲಾಖೆಯಲ್ಲಿದ್ದೀರಿ, ಪತ್ರಿಕೆಯಲ್ಲಿದ್ದೀರಿ, ಶಾಲೆ ನಡೆಸುವವರೂ ಇದ್ದೀರಿ. ಒಂದು ಸಂಕಕ್ಕೆ ಬೇಕಾದ ಎಲ್ಲ ಕೈಗಳೂ ನನ್ನ ಹಳೆಯ ಹಾಜರಿ ಪುಸ್ತಕದಲ್ಲಿವೆ. ಮೇಲೆ ಬರೆದ ಐದು ಕೆಲಸಗಳ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ, ಅಳತೆ ಸಹಿತ, ನಾನು ಬರೆದಿಟ್ಟಿದ್ದೇನೆ. ಬಲ್ಲವರು ಬಂದು ತಿದ್ದಿರಿ. ಈ ಬಾರಿ ಕೆಂಪು ಶಾಯಿ ನಿಮ್ಮ ಕೈಯಲ್ಲಿರಲಿ. ತಿದ್ದಿದ ಪ್ರತಿಯನ್ನು ಹಿಡಿದು ಅದೇ ಕಚೇರಿಗೆ ಮತ್ತೆ ಹೋಗುವವನಿದ್ದೇನೆ. ಈ ಸಲ ಒಬ್ಬನೇ ಹೋಗುವ ಮನಸ್ಸಿಲ್ಲ.

ಈಗ ಸಂಜೆ ಐದಕ್ಕೆ ನಾನೇ ರಸ್ತೆ ದಾಟಿ ಮಾಸ್ತರರ ಮನೆಗೆ ಹೋಗುತ್ತೇನೆ. ಫ್ಲಾಸ್ಕಿನಲ್ಲಿ ಚಹ ಒಯ್ಯುತ್ತೇನೆ. ಹೊರಡುವಾಗ ಅವರು ಅಂಗಳದ ತನಕ ಬಂದು ಊರುಗೋಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ. ನಾನು ಆಚೆ ಬದಿಯಿಂದ ಕೈ ಎತ್ತಿ ತೋರಿಸುವ ತನಕ ಒಳಗೆ ಹೋಗುವುದಿಲ್ಲ. ನಿನ್ನೆ ಕೈ ಎತ್ತಲು ಸ್ವಲ್ಪ ತಡವಾಯಿತು. ಲಾರಿಗಳ ಸಾಲು ಮುಗಿಯಲೇ ಇಲ್ಲ. ಅಷ್ಟು ಹೊತ್ತೂ ಅವರು ಮಳೆಯಲ್ಲಿ ನೆನೆಯುತ್ತಾ ಅಲ್ಲಿಯೇ ನಿಂತಿದ್ದರು.